ಆಟಿಯ ಮಳೆಯಲ್ಲಿ ಬಾಡಿಗೆ ಮನೆ ಹುಡುಕುತ್ತಾ: ಮಂಗಳೂರಿನಿಂದ ಕುಂದಾಪುರದವರೆಗೆ

ಕರಾವಳಿಯಲ್ಲಿ ಮನೆ ಮಾಡಬೇಕು ಅಂತ ಆಸೆ ಇರುವವರು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬಂದು ಊರು ನೋಡುತ್ತಾರೆ. ಆಗ ಆಕಾಶ ತಿಳಿಯಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ, ಬಾವಿಗಳಲ್ಲಿ ನೀರಿರುತ್ತದೆ. ಎಲ್ಲ ಊರೂ ಚೆನ್ನಾಗಿಯೇ ಕಾಣುತ್ತದೆ. ನಾವು ಬೇಕೆಂದೇ ಜುಲೈ ತಿಂಗಳ ಕೊನೆಯನ್ನು ಆರಿಸಿಕೊಂಡೆವು. ತುಳುವರ ಲೆಕ್ಕದಲ್ಲಿ ಇದು ಆಟಿ ತಿಂಗಳು. ಮಳೆ ಬಿಡುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಈ ತಿಂಗಳಲ್ಲಿ ಇಷ್ಟವಾದ ಊರು ಉಳಿದ ತಿಂಗಳಲ್ಲೂ ಇಷ್ಟವಾಗುತ್ತದೆ ಅನ್ನುವುದು ನನ್ನ ಹೆಂಡತಿಯ ವಾದ. ನನಗೂ ಅದು ಸರಿ ಅನ್ನಿಸಿತು.

ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಬಾಡಿಗೆ 28,000 ರೂಪಾಯಿ, ವರ್ಷ ವರ್ಷ ಏರುತ್ತಲೇ ಇದೆ. ನನ್ನದು ಮನೆಯಲ್ಲೇ ಕೂತು ಮಾಡುವ ಕಂಪ್ಯೂಟರ್ ಕೆಲಸ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅಮ್ಮನಿಗೆ ಎಪ್ಪತ್ತಾರು, ಬಿಪಿ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದೆ. ನಮ್ಮ ಮೂಲ ಹಾಸನ ಕಡೆ. ತುಳು ಬರುವುದಿಲ್ಲ. ಕರಾವಳಿಯಲ್ಲಿ ಬಂಧುಗಳೂ ಇಲ್ಲ.

ಹೊರಡುವ ಮೊದಲು ಲೆಕ್ಕ ಹಾಕಿಕೊಂಡೆವು. ಬಾಡಿಗೆ 12,000 ದಾಟಬಾರದು. ದೊಡ್ಡ ಆಸ್ಪತ್ರೆ ಅರ್ಧ ಗಂಟೆಯೊಳಗೆ ಸಿಗಬೇಕು. ಕಾರಿಲ್ಲದೆ ಬದುಕು ನಡೆಯಬೇಕು. ಸಂಜೆ ನಡೆದುಕೊಂಡು ಹೋಗಿ ಸ್ವಲ್ಪ ಹೊತ್ತು ಕೂರುವುದಕ್ಕೆ ಒಂದು ಜಾಗ ಬೇಕು. ಈ ಕೊನೆಯದನ್ನು ಸೇರಿಸಿದ್ದು ಅಮ್ಮ. ಅವರನ್ನು ತಂಗಿಯ ಮನೆಯಲ್ಲಿ ಬಿಟ್ಟು, ಭಾನುವಾರ ರಾತ್ರಿ ನಾವಿಬ್ಬರೂ ರೈಲು ಹತ್ತಿದೆವು.

ಸೋಮವಾರ, ಮಂಗಳೂರು

ಸಕಲೇಶಪುರ ದಾಟಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಟ್ಟ, 57 ಸುರಂಗ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ಹಲವು ದಿನ ರೈಲೇ ನಿಂತುಹೋಗಿತ್ತು. ಶಿರಾಡಿ ಘಾಟಿಯ ರಸ್ತೆಗೂ ಮಳೆಗಾಲದಲ್ಲಿ ಇದೇ ಕಷ್ಟ. ಬೆಂಗಳೂರಿನಲ್ಲಿ ತಂಗಿ, ಸ್ನೇಹಿತರು, ಆಫೀಸು ಎಲ್ಲ ಇರುವಾಗ ಈ ದಾರಿ ನಮ್ಮ ಲೆಕ್ಕದಲ್ಲಿ ಇರಲೇಬೇಕು, ಅಲ್ವಾ? ವರ್ಷಕ್ಕೆ ಕೆಲವು ದಿನ ಘಟ್ಟದ ಮೇಲೆ ಹೋಗುವುದಕ್ಕೆ ಆಗುವುದಿಲ್ಲ ಅಂತ ಒಪ್ಪಿಕೊಂಡೇ ಇಲ್ಲಿಗೆ ಬರಬೇಕು.

ಹಂಪನಕಟ್ಟೆಯಲ್ಲಿ ರೂಮು ಮಾಡಿ, ಬನ್ಸ್ ತಿಂದು, ಬ್ರೋಕರ್ ಜೊತೆ ಹೊರಟೆವು. ಮಂಗಳೂರು ಸಮತಟ್ಟಾದ ಊರಲ್ಲ. ಗುಡ್ಡ, ಇಳಿಜಾರು, ಮತ್ತೆ ಗುಡ್ಡ. ಕದ್ರಿ, ಬಿಜೈ, ಬೆಂದೂರು ಎತ್ತರದಲ್ಲಿವೆ. ಮಳೆ ನೀರು ಅಲ್ಲಿ ನಿಲ್ಲದೆ ಕೆಳಗೆ ಓಡುತ್ತದೆ. ಅದು ಓಡಿ ಹೋಗಿ ಸೇರುವ ಜಾಗಗಳಲ್ಲೇ ಬಾಡಿಗೆ ಕಮ್ಮಿ. ಕೊಟ್ಟಾರ ಚೌಕಿಯ ಹತ್ತಿರ ನೆಲಮಹಡಿಯ ಮನೆಯೊಂದು 13,000ಕ್ಕೆ ಸಿಗುತ್ತಿತ್ತು. ಗೋಡೆಯ ಕೆಳಭಾಗದಲ್ಲಿ ಒಂದೇ ಎತ್ತರಕ್ಕೆ ಬಣ್ಣ ಬೇರೆಯಾಗಿತ್ತು. ಹೆಂಡತಿ ಅಲ್ಲಿ ಕೈ ಇಟ್ಟು ನೋಡಿದಳು. ಪಕ್ಕದ ಅಂಗಡಿಯವರನ್ನು ಕೇಳಿದಾಗ, "ಜೋರು ಮಳೆ ಬಂದ್ರೆ ನೀರು ಬರ್ತದೆ ಮಾರಾಯ್ರೆ, ಪ್ರತಿ ವರ್ಷ ಉಂಟು" ಅಂದರು. ಡಿಸೆಂಬರ್‌ನಲ್ಲಿ ಬಂದಿದ್ದರೆ ಆ ಗೋಡೆಗೆ ಹೊಸ ಬಣ್ಣ ಬಿದ್ದಿರುತ್ತಿತ್ತು.

ಬಿಜೈಯಲ್ಲಿ ನೋಡಿದ ಫ್ಲ್ಯಾಟು ತುಂಬ ಚೆನ್ನಾಗಿತ್ತು. ಬಾಡಿಗೆ 19,000, ಮೇಂಟೆನೆನ್ಸ್ ಬೇರೆ. ಜೆಪ್ಪುವಿನಲ್ಲಿ ಹಳೆಯ ಹಂಚಿನ ಮನೆಯೊಂದರ ಅರ್ಧ ಭಾಗ 12,500ಕ್ಕೆ ಇತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಜೆಪ್ಪುವಿನಲ್ಲಿ. ಇಳಿಜಾರಾದ ಮಾಡು, ಕೆಂಪುಕಲ್ಲಿನ ದಪ್ಪ ಗೋಡೆ, ಮುಂದೆ ಉದ್ದನೆಯ ಜಗಲಿ. ಒಳಗೆ ಕಾಲಿಟ್ಟ ಕೂಡಲೇ ತಂಪು. ನನಗೆ ಆ ಮನೆ ಬಹಳ ಹಿಡಿಸಿತು. ಆದರೆ ಹಿಂದಿನ ಕೋಣೆಯಲ್ಲಿ ಬೂಷ್ಟು ವಾಸನೆ ಗಾಢವಾಗಿತ್ತು. ಅಮ್ಮನಿಗೆ ಅಲ್ಲಿ ಉಸಿರಾಡುವುದೇ ಕಷ್ಟ ಆಗುತ್ತಿತ್ತು.

ಮಂಗಳೂರಿನ ಬಗ್ಗೆ ನಿಜ ಹೇಳಬೇಕು. ಇಲ್ಲಿ ಇಲ್ಲದ್ದು ಏನೂ ಇಲ್ಲ. 1848ರಷ್ಟು ಹಳೆಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆ, ಒಂದರ ಪಕ್ಕ ಒಂದು ಮೆಡಿಕಲ್ ಕಾಲೇಜು, ಬಜ್ಪೆಯಲ್ಲಿ ವಿಮಾನ ನಿಲ್ದಾಣ, ಬಂದರು, 1880ರಿಂದ ನಡೆಯುತ್ತಿರುವ ಅಲೋಶಿಯಸ್ ಕಾಲೇಜು. 1906ರಲ್ಲಿ ಕೆನರಾ ಬ್ಯಾಂಕ್ ಹುಟ್ಟಿದ್ದು, 1924ರಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿದ್ದು ಈ ಊರಲ್ಲಿ. ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿದ್ದರೆ ನಾನು ಕಣ್ಣು ಮುಚ್ಚಿ ಮಂಗಳೂರನ್ನೇ ಆರಿಸುತ್ತಿದ್ದೆ. ನಮ್ಮ ಮಗಳು ಓದು ಮುಗಿಸಿ ಪುಣೆಯಲ್ಲಿದ್ದಾಳೆ. ಸಂಜೆ ನಂತೂರು, ಪಂಪ್‌ವೆಲ್ ಕಡೆ ಸಾಲುಗಟ್ಟಿ ನಿಂತ ವಾಹನಗಳನ್ನು ನೋಡಿದಾಗ ಬೆಂಗಳೂರು ಬಿಟ್ಟು ಬಂದಿದ್ದೇವೆ ಅಂತ ಅನ್ನಿಸಲೇ ಇಲ್ಲ.

ಬಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಕಡೆ ಊರೊಳಗಿನ ಓಡಾಟ ಹೆಚ್ಚಾಗಿ ಖಾಸಗಿ ಬಸ್ಸುಗಳ ಕೈಯಲ್ಲಿದೆ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ನಿಂತರೆ ನಿಮಿಷಕ್ಕೊಂದು ಬಸ್ಸು, ಕಂಡಕ್ಟರ್ ಸೀಟಿ ಊದಿ ಕರೆಯುತ್ತಾನೆ. ಸರ್ಕಾರದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂತು, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಬೆಂಗಳೂರಿನಲ್ಲಿ ಅಮ್ಮನಿಗೂ ಹೆಂಡತಿಗೂ ಬಸ್ಸು ಪುಕ್ಕಟೆ. ಇಲ್ಲಿ ಬಹಳಷ್ಟು ಕಡೆ ಟಿಕೆಟ್ ತೆಗೆಯಲೇಬೇಕು. ಬಾಡಿಗೆ ಕಮ್ಮಿ ಅಂತ ಖುಷಿಪಡುವಾಗ ಇದನ್ನೂ ಕೂಡಿಸಿಕೊಳ್ಳಬೇಕು.

ಮಂಗಳವಾರ, ಸುರತ್ಕಲ್, ಮೂಲ್ಕಿ, ಕಿನ್ನಿಗೋಳಿ

ಬೆಳಿಗ್ಗೆ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಡಿಸಿ ರಜೆ ಕೊಟ್ರಾ?" ರೆಡ್ ಅಲರ್ಟ್ ಇತ್ತು, ಶಾಲೆಗಳಿಗೆ ರಜೆ. ಹೆಂಡತಿ ಇಲ್ಲಿ ಟೀಚರ್ ಆದರೆ ಜುಲೈ ತಿಂಗಳ ಪಾಠಗಳನ್ನು ಮುಂದೆ ಶನಿವಾರಗಳಲ್ಲಿ ಮುಗಿಸಬೇಕಾಗುತ್ತದೆ ಅಂತ ಲೆಕ್ಕ ಹಾಕಿದಳು.

ಕೂಳೂರು ಸೇತುವೆ ದಾಟಿ, ಪಣಂಬೂರಿನ ಬಂದರು, ಬೈಕಂಪಾಡಿಯ ಕೈಗಾರಿಕೆ ಪ್ರದೇಶ ಹಾದು ಸುರತ್ಕಲ್‌ಗೆ ಬಂದೆವು. ದಾರಿ ತುಂಬ ಟ್ಯಾಂಕರ್, ಲಾರಿ. ಸುರತ್ಕಲ್‌ನಲ್ಲಿ ಬಾಡಿಗೆ ಮಂಗಳೂರಿಗಿಂತ ಕಮ್ಮಿ. ರೈಲು ನಿಲ್ದಾಣ ಇದೆ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇದೆ, ಕಡಲು ಇದೆ. 10,000ಕ್ಕೆ ಒಂದು ಒಳ್ಳೆಯ ಮನೆ ಕಂಡಿತು, ಕಡಲಿಗೆ ನಡೆದುಹೋಗುವಷ್ಟು ಹತ್ತಿರ. ಆದರೆ ಕಿಟಕಿಯ ಸರಳು, ಬಾಗಿಲಿನ ಬಿಜಾಗರಿ, ಗೇಟು ಎಲ್ಲ ತುಕ್ಕು. ಬಾವಿಯ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ ಅಂತ ಮನೆಯವರೇ ಹೇಳಿದರು. ಕಡಲಿನ ಪಕ್ಕ ಇರುವುದು ಬೇರೆ, ಕಡಲಿಗೆ ಹೋಗಿ ಬರುವಷ್ಟು ಹತ್ತಿರ ಇರುವುದು ಬೇರೆ. ಎರಡನೆಯದೇ ಒಳ್ಳೆಯದು ಅನ್ನುವುದು ಆ ದಿನ ನಮಗೆ ಖಚಿತವಾಯಿತು. ಉಳ್ಳಾಲದ ಕಡೆ ಪ್ರತಿ ಮಳೆಗಾಲದಲ್ಲಿ ಕಡಲ್ಕೊರೆತಕ್ಕೆ ಮನೆಗಳು ಬೀಳುವುದನ್ನು ಟಿವಿಯಲ್ಲಿ ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಮಧ್ಯಾಹ್ನ ಮೂಲ್ಕಿಯಿಂದ ಕಿನ್ನಿಗೋಳಿಗೆ ಹೋದೆವು. ಗದ್ದೆ, ತೋಟ, ಚರ್ಚು, ಹತ್ತಿರದಲ್ಲೇ ಕಟೀಲು ದೇವಸ್ಥಾನ. ಬಾಡಿಗೆ 7,000ದಿಂದ ಶುರು. ಊರು ಮುದ್ದಾಗಿದೆ, ಮುಂಬೈಯಿಂದ ವಾಪಸ್ ಬಂದ ಹಿರಿಯರು ಬಹಳ ಮಂದಿ ಇದ್ದಾರೆ. ಸಂಜೆಯಾದ ಮೇಲೆ ಬಸ್ಸು ಕಮ್ಮಿ. ರಾತ್ರಿ ಹನ್ನೊಂದಕ್ಕೆ ಅಮ್ಮನಿಗೆ ಎದೆನೋವು ಬಂದರೆ ಏನು ಮಾಡುವುದು ಅನ್ನುವ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಅಲ್ಲಿಯ ಬ್ರೋಕರ್ ಬಾಡಿಗೆ ಮನೆ ತೋರಿಸುವುದಕ್ಕಿಂತ ಸೈಟು ತೋರಿಸುವುದರಲ್ಲೇ ಉತ್ಸಾಹದಿಂದ ಇದ್ದರು. ಇಲ್ಲಿ ಜಾಗದ ಮಾತು ಸೆಂಟ್ಸಿನಲ್ಲಿ. ಒಂದು ಸೆಂಟ್ಸ್ ಅಂದರೆ 435.6 ಚದರ ಅಡಿ. ಐದು ಸೆಂಟ್ಸ್ ತೆಗೆದುಕೊಂಡರೆ 2,178 ಚದರ ಅಡಿ, ಒಂದು ಚಿಕ್ಕ ಮನೆಗೂ ನಾಲ್ಕು ತೆಂಗಿನ ಮರಕ್ಕೂ ಸಾಕು. "ಕನ್ವರ್ಷನ್ ಆಗಿದೆ, ನೈನ್-ಇಲೆವೆನ್ ಆಗಿದೆ, ಸಮಸ್ಯೆ ಎಂತದೂ ಇಲ್ಲ" ಅಂತ ಅವರು ಒಂದೇ ಉಸಿರಿಗೆ ಹೇಳಿದರು. ಕನ್ವರ್ಷನ್ ಅಂದರೆ ಕೃಷಿ ಜಮೀನನ್ನು ಮನೆ ಕಟ್ಟುವುದಕ್ಕೆ ಬದಲಿಸಿದ್ದು, ನೈನ್-ಇಲೆವೆನ್ ಅಂದರೆ ಪಂಚಾಯತಿ ಕೊಡುವ ನಮೂನೆ 9 ಮತ್ತು 11. ಈ ಕಾಗದಗಳಿಲ್ಲದೆ ಇಲ್ಲಿ ಸೈಟಿನ ವ್ಯವಹಾರ ಮುಂದೆ ಹೋಗುವುದಿಲ್ಲ. ಒಂದು ವರ್ಷ ಬಾಡಿಗೆಗಿದ್ದು, ಮಳೆಯನ್ನೂ ಬೇಸಿಗೆಯನ್ನೂ ನೋಡಿ, ಆಮೇಲೆ ಸೈಟಿನ ಬಗ್ಗೆ ಯೋಚಿಸುತ್ತೇವೆ ಅಂತ ಹೇಳಿ ಬಂದೆವು.

ಬುಧವಾರ, ಮೂಡುಬಿದಿರೆ ಮತ್ತು ಕಾರ್ಕಳ

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಕೆಂಪು ಮಣ್ಣಿನ ಕೆಸರಿನಲ್ಲಿ ಬಸ್ಸು ಮೆಲ್ಲಗೆ ತೆವಳುತ್ತಿತ್ತು.

ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಸಾವಿರ ಕಂಬದ ಬಸದಿ 1430ರ ಹೊತ್ತಿನದು. ಅದರೊಳಗೆ ನಿಂತಾಗ ಹೊರಗಿನ ಮಳೆ ಸದ್ದೇ ಬೇರೆ ಥರ ಕೇಳುತ್ತದೆ. ಪ್ರತಿ ಕಂಬದ ಕೆತ್ತನೆಯೂ ಬೇರೆ, ಒಂದನ್ನು ನೋಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮನೆ ಹುಡುಕುವುದೇ ಮರೆತುಹೋಗಿತ್ತು. ಊರಿನಲ್ಲಿ ಕಾಲೇಜುಗಳು ಬೆಳೆದಿವೆ, ಹಾಸ್ಟೆಲುಗಳು ಬೆಳೆದಿವೆ. ಹೆಂಡತಿಗೆ ಇಲ್ಲಿ ಕೆಲಸ ಸುಲಭವಾಗಿ ಸಿಗಬಹುದು. ಆದರೆ ಪೇಟೆಯ ಹತ್ತಿರದ ಮನೆಗಳನ್ನು ವಿದ್ಯಾರ್ಥಿಗಳಿಗೆ ಕೊಡುವುದೇ ಲಾಭ ಅಂತ ಮಾಲೀಕರಿಗೆ ಗೊತ್ತಾಗಿದೆ. ಮೂರು ಜನರ ಸಂಸಾರಕ್ಕೆ ಸರಿಯಾದ ಮನೆ ನಮಗೆ ಕಾಣಲಿಲ್ಲ.

ಕಾರ್ಕಳ ನನ್ನ ಮನಸ್ಸನ್ನು ಹಿಡಿದುಬಿಟ್ಟಿತು. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಬೆಟ್ಟದ ಮೇಲೆ, ಎದುರಿಗೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಪೇಟೆ ಚಿಕ್ಕದು, ಚೊಕ್ಕವಾಗಿದೆ. ಆನೆಕೆರೆ ದಂಡೆಯಲ್ಲಿ ನಡೆದಾಡಬಹುದು. ಅಮ್ಮನ ಷರತ್ತಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಮಣ್ಣಿನ ದಾರಿಯ ಕೊನೆಯಲ್ಲಿ ಒಂದು ಮನೆ, ಬಾಡಿಗೆ 8,500, ಅಂಗಳದಲ್ಲಿ ಬಾವಿ, ಬಾವಿ ಕಟ್ಟೆಯವರೆಗೂ ನೀರು. ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿ ಇನ್ನೊಂದು ಮಾಡು ಮಾಡಿದ್ದರು. ಇಲ್ಲಿ ಬಹಳ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಸೋರುವುದು ನಿಲ್ಲುತ್ತದೆ, ಬಟ್ಟೆ ಒಣಗಿಸುವುದಕ್ಕೂ ಜಾಗ ಆಗುತ್ತದೆ. ಮಳೆಗಾಲದಲ್ಲಿ ಮನೆ ನೋಡುವವರು ಮೊದಲು ತಲೆ ಎತ್ತಿ ಈ ಶೀಟ್ ಇದೆಯಾ ಅಂತ ನೋಡಬೇಕು.

ಬಾವಿಯ ಬಗ್ಗೆ ಮನೆಯ ಹಿರಿಯರನ್ನು ಕೇಳಿದೆ. "ಈಗ ಎಲ್ಲರ ಬಾವಿಯಲ್ಲೂ ನೀರು ಉಂಟು. ನೀವು ಏಪ್ರಿಲ್‌ನಲ್ಲಿ ಬಂದು ಕೇಳ್ಬೇಕು" ಅಂದರು. ಅವರ ಬಾವಿಯೂ ಮೇ ತಿಂಗಳಲ್ಲಿ ತಳ ಕಾಣುತ್ತದಂತೆ. ಮುಚ್ಚಿಡಬಹುದಾಗಿದ್ದ ವಿಷಯವನ್ನು ಬಾಡಿಗೆ ಕೊಡುವವರೇ ಬಾಯಿಬಿಟ್ಟು ಹೇಳಿದ್ದು ನನಗೆ ಬಹಳ ದೊಡ್ಡದು ಅನ್ನಿಸಿತು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ನಾಡಿನಲ್ಲಿ ಬೇಸಿಗೆಗೆ ನೀರಿಲ್ಲ ಅಂದರೆ ಬಯಲುಸೀಮೆಯವರು ನಂಬುವುದಿಲ್ಲ. ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದು, ಮುರಕಲ್ಲಿನ ಇಳಿಜಾರಿನಲ್ಲಿ ಓಡಿ ಕಡಲು ಸೇರಿಬಿಡುತ್ತದೆ. 2019ರ ಮೇ ತಿಂಗಳಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ, ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ ಉಡುಪಿಗೆ, ಎರಡೂ ಕಡೆ ಸರದಿ ಪ್ರಕಾರ ನೀರು ಬಿಟ್ಟಿದ್ದರು.

ಕಾರ್ಕಳದಲ್ಲಿ ಡಾ. ಟಿಎಂಎ ಪೈ ರೋಟರಿ ಆಸ್ಪತ್ರೆ ಇದೆ. ಸಣ್ಣಪುಟ್ಟದ್ದಕ್ಕೆ ಅದು ಸಾಕು. ಹೃದಯದ ವಿಷಯ ಬಂದರೆ ಮಣಿಪಾಲಕ್ಕೇ ಹೋಗಬೇಕು. ಘಟ್ಟದ ಹತ್ತಿರದ ಊರು, ಮಳೆ ಇನ್ನೂ ಜಾಸ್ತಿ, ಬಸ್ಸಿಗೆ ಹೆಚ್ಚುಕಮ್ಮಿ ಒಂದು ಗಂಟೆ. ಹೆಂಡತಿ ಕೈಗಡಿಯಾರ ನೋಡಿಕೊಂಡೇ ಬಸ್ಸಿನಲ್ಲಿ ಮಣಿಪಾಲದವರೆಗೆ ಕೂತಿದ್ದಳು. ಇಳಿದ ಮೇಲೆ ಅವಳು ಏನೂ ಹೇಳಬೇಕಾಗಿ ಬರಲಿಲ್ಲ.

ಗುರುವಾರ, ಮಣಿಪಾಲ ಮತ್ತು ಉಡುಪಿ

ಬೆಳಿಗ್ಗೆ ಮೊದಲು ಹೋಗಿದ್ದು ಕಸ್ತೂರ್ಬಾ ಆಸ್ಪತ್ರೆಗೆ. ಅಮ್ಮನ ಫೈಲು ಜೊತೆಗಿತ್ತು. ಹೃದಯದ ವಿಭಾಗ ಯಾವ ದಿನ, ಔಷಧಿ ಎಲ್ಲಿ, ಇನ್ಶೂರೆನ್ಸ್ ಕಾರ್ಡು ನಡೆಯುತ್ತದಾ, ತುರ್ತು ವಿಭಾಗಕ್ಕೆ ಆಟೊ ಎಲ್ಲಿಯವರೆಗೆ ಬರುತ್ತದೆ, ಎಲ್ಲ ಕೇಳಿಕೊಂಡೆವು. ವಯಸ್ಸಾದವರನ್ನು ಕರೆದುಕೊಂಡು ಬರುವವರು ಕಡಲು ನೋಡುವ ಮುಂಚೆ ಈ ಒಂದು ಬೆಳಿಗ್ಗೆಯನ್ನು ಆಸ್ಪತ್ರೆಗೆ ಕೊಡಬೇಕು. 1953ರಲ್ಲಿ ಡಾ. ಟಿ.ಎಂ.ಎ. ಪೈ ಇಲ್ಲಿ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಇದು ಬೋಳು ಗುಡ್ಡ ಆಗಿತ್ತಂತೆ. ಈಗ ದೇಶದ ಎಲ್ಲ ಕಡೆಯ ಹುಡುಗರು ಇಲ್ಲಿದ್ದಾರೆ. ಅದಕ್ಕೇ ಮಣಿಪಾಲದಲ್ಲಿ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ. ಒಂದು ಮನೆಗೆ 22,000 ಹೇಳಿದರು.

ಗುಡ್ಡ ಇಳಿದರೆ ಉಡುಪಿ. ಐದೇ ಕಿಲೋಮೀಟರ್ ಆಚೆ ಬಾಡಿಗೆ ತಕ್ಷಣ ಇಳಿಯುತ್ತದೆ. ಕುಂಜಿಬೆಟ್ಟು, ಕಡಿಯಾಳಿ, ಅಂಬಲಪಾಡಿ, ಕಿನ್ನಿಮುಲ್ಕಿ, ದೊಡ್ಡಣಗುಡ್ಡೆ ಎಲ್ಲ ಸುತ್ತಿದೆವು. 11,000ದಿಂದ 15,000ದವರೆಗೆ ಹೇಳಿದರು. ಮುಂಗಡ 50,000 ಅಥವಾ ಅದರ ಆಸುಪಾಸು. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟು ಕೂತವರಿಗೆ ಇದೇ ದೊಡ್ಡ ಉಳಿತಾಯ.

ಉಡುಪಿಯಲ್ಲಿ ನಾವು ಪ್ರತಿ ಮನೆಯ ಅಕ್ಕಪಕ್ಕ ಕೇಳಿದ್ದು ಒಂದೇ ಪ್ರಶ್ನೆ: "2020ರ ಸೆಪ್ಟೆಂಬರ್ ಮಳೆಗೆ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?" ಆ ತಿಂಗಳ 20ರಂದು ಒಂದೇ ರಾತ್ರಿಯ ಮಳೆಗೆ ಊರಿನ ತಗ್ಗು ಜಾಗಗಳೆಲ್ಲ ಮುಳುಗಿದ್ದವು. ಊರವರಿಗೆ ಅದು ಇನ್ನೂ ಮರೆತಿಲ್ಲ. ಕೆಲವರು ತಮ್ಮ ಮನೆಯ ಗೋಡೆಯ ಮೇಲೆ ಕೈ ಇಟ್ಟು ಎತ್ತರ ತೋರಿಸಿದರು. ಕಲ್ಸಂಕ ಕಡೆಯ ಎರಡು ಮನೆಗಳನ್ನು ಹೀಗೆ ಬಿಟ್ಟೆವು. ಯಾವ ಜಾಹೀರಾತಿನಲ್ಲೂ ಸಿಗದ ಮಾಹಿತಿ ಇದು. ಹೊಸದಾಗಿ ಬರುವವರು ದಯವಿಟ್ಟು ಇದನ್ನು ಕೇಳಿ.

ಒಂದು ಮನೆ ಎಲ್ಲ ರೀತಿಯಲ್ಲೂ ಸರಿ ಇತ್ತು. ಎತ್ತರದ ಜಾಗ, ಬೆಳಕು, ಬಾಡಿಗೆ 12,000. ಮಾತು ಮುಗಿಯುವ ಹೊತ್ತಿಗೆ ಮಾಲೀಕರು, ನೀವು ಏನು ತಿನ್ನುತ್ತೀರಿ, ಯಾವ ಜನ ಅಂತ ಕೇಳಿದರು. ಮೀನು ತಿನ್ನುತ್ತೇವೆ ಅಂದೆ. ಹಾಗಾದರೆ ಆಗುವುದಿಲ್ಲ ಅಂದರು. ಬೇಜಾರಾಯಿತು. ಕಡಲ ಪಕ್ಕದ ಊರಲ್ಲಿ ಮೀನು ಬೇಯಿಸುವವರಿಗೆ ಮನೆ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲೂ ಈ ಪ್ರಶ್ನೆ ಕೇಳುತ್ತಾರೆ, ಗೊತ್ತು. ಅಲ್ಲಿ ಕೇಳಿದರೂ ತಪ್ಪೇ.

ಹೆಂಡತಿಗೆ ಇನ್ನೊಂದು ಆತಂಕ ಇತ್ತು. ಕರಾವಳಿಯಲ್ಲಿ ಧರ್ಮದ ಹೆಸರಲ್ಲಿ ಆಗುವ ಗಲಾಟೆಗಳ ಸುದ್ದಿ ನಾವೆಲ್ಲ ಓದುತ್ತಲೇ ಇರುತ್ತೇವೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ನಿವೃತ್ತ ಟೀಚರೊಬ್ಬರನ್ನು ಅವಳು ನೇರವಾಗಿಯೇ ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಲಾಟೆ ಆಗುದು ನಿಜ. ನನ್ನ ಬೀದಿಯಲ್ಲಿ ಮೂರೂ ಧರ್ಮದವರು ಇದ್ದಾರೆ, ಒಬ್ಬರ ಮನೆಯ ಕಾಯಿಲೆಗೆ ಇನ್ನೊಬ್ಬರು ಓಡ್ತಾರೆ, ಅದೂ ನಿಜ" ಅಂದರು. ಎರಡನ್ನೂ ಮುಚ್ಚದೆ ಹೇಳಿದ್ದಕ್ಕೆ ಹೆಂಡತಿ ಅವರ ಕೈ ಹಿಡಿದುಕೊಂಡಳು.

ಸಂಜೆ ರಥಬೀದಿಗೆ ಹೋದೆವು. ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ, ಬಿಸಿ ಕಾಫಿ. ಕೃಷ್ಣ ಮಠದ ಸುತ್ತ ಬೇರೆ ಮಠಗಳು, ಪೂಜೆಯ ಅಧಿಕಾರ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಪರ್ಯಾಯದ ಸಮಯದಲ್ಲಿ ಈ ಬೀದಿಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲವಂತೆ. ಆಟಿಯ ಸಂಜೆ ಮಾತ್ರ ಆರಾಮವಾಗಿ ಕೂರಬಹುದು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ನವೆಂಬರ್ ಹೊತ್ತಿಗೇ. ಈ ತಿಂಗಳುಗಳಲ್ಲಿ ತಾಳಮದ್ದಳೆ ಜೋರು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು ಮತ್ತು ಅರ್ಥಧಾರಿಗಳ ಮಾತು ಅಷ್ಟೇ. ಒಂದು ಸಭಾಂಗಣದಲ್ಲಿ ಕೂತು ಕೇಳಿದೆವು. ಕೃಷ್ಣನೂ ಕೌರವನೂ ಪಂಚೆ ಶಾಲು ಹಾಕಿಕೊಂಡು ವಾದ ಮಾಡುತ್ತಿದ್ದರು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಅಷ್ಟು ಒಳ್ಳೆಯ ಕನ್ನಡವನ್ನು ಒಂದೇ ಸಮನೆ ಕೇಳಿ ನನಗೆ ಎಷ್ಟು ವರ್ಷ ಆಗಿತ್ತೋ. ಕಮ್ಮಿ ಖರ್ಚಿನ ಊರು ಅಂದರೆ ಬಾಡಿಗೆ ಒಂದೇ ಅಲ್ಲ, ದುಡ್ಡು ಕೊಡದೆ ಸಿಗುವುದು ಎಷ್ಟು ಅನ್ನುವುದೂ ಸೇರುತ್ತದೆ ಅಂತ ನಾನು ಅವಳಿಗೆ ಹೇಳಿದೆ.

ವಾಪಸ್ ಬರುವಾಗ ಅಂಗಡಿಯೊಂದರಲ್ಲಿ ಪಿಗ್ಮಿ ಕಲೆಕ್ಟರ್ ದಿನದ ಹಣ ತೆಗೆದುಕೊಳ್ಳುತ್ತಿದ್ದರು. ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದು 1925ರಲ್ಲಿ ಉಡುಪಿಯಲ್ಲಿ. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಯೋಜನೆಯನ್ನು ಅದು 1928ರಲ್ಲಿ ತಂದಿತು. 2020ರಲ್ಲಿ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಊರಿನ ಅಂಗಡಿಗಳಲ್ಲಿ ದಿನದಿನ ಕೂಡಿಡುವ ಅಭ್ಯಾಸ ಇನ್ನೂ ಇದೆ.

ಶುಕ್ರವಾರ, ಕುಂದಾಪುರ

ಬ್ರಹ್ಮಾವರ ದಾಟಿದ ಮೇಲೆ ಬಸ್ಸಿನಲ್ಲಿ ತುಳು ಕಮ್ಮಿಯಾಗಿ ಕುಂದಗನ್ನಡ ಶುರುವಾಯಿತು. "ಎಲ್ಲಿಗ್ ಹೋಯ್ಕ್?" ಅಂತ ಕಂಡಕ್ಟರ್ ಕೇಳಿದಾಗ ಹೆಂಡತಿಗೆ ಖುಷಿಯೋ ಖುಷಿ. ಕುಂದಾಪುರಕ್ಕೆ ಮೂರು ಕಡೆ ನೀರು. ಪೇಟೆ ಅಚ್ಚುಕಟ್ಟು, ಬಾಡಿಗೆ 8,000 ಆಸುಪಾಸು. ಮರವಂತೆಯವರೆಗೂ ಹೋಗಿ ಬಂದೆವು. ಹೆದ್ದಾರಿಯ ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಕಡಲು. ಕಡಲು ತಡೆಗೋಡೆಯ ಕಲ್ಲುಗಳಿಗೆ ಅಪ್ಪಳಿಸಿ ಹನಿ ರಸ್ತೆಯವರೆಗೂ ಬರುತ್ತಿತ್ತು.

ಮೀನಿನ ಮಾರುಕಟ್ಟೆಯಲ್ಲಿ ಬಂಗುಡೆ ಕೇಳಿದರೆ ಬೆಲೆ ಬೆಂಗಳೂರಿನಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಮೊಟ್ಟೆ ಇಡುವ ಕಾಲ. ಈಗ ಸಿಗುವುದು ನಾಡದೋಣಿಯವರು ತಂದದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಐಸಿನಲ್ಲಿ ಬಂದದ್ದು. ತರಕಾರಿಯೂ ಅಷ್ಟೇ, ಹೆಚ್ಚಿನದು ಘಟ್ಟದ ಮೇಲಿನಿಂದ ಇಳಿಯಬೇಕು. ಆದರೆ ಕೆಸುವಿನ ಎಲೆ, ಎಳೆ ಬಿದಿರಿನ ಕಣಿಲೆ, ಅಂಬಟೆ ಸಂತೆಯಲ್ಲಿ ಸೋವಿಯಾಗಿ ಸಿಗುತ್ತವೆ. ಊರಿನವರ ಹಾಗೆ ಊಟ ಮಾಡಿದರೆ ಖರ್ಚು ಕಮ್ಮಿ, ಬೆಂಗಳೂರಿನ ಹಾಗೆ ಊಟ ಮಾಡಿದರೆ ಇಲ್ಲೂ ಜಾಸ್ತಿ.

ಕುಂದಾಪುರ ಹೆಂಡತಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಮಣಿಪಾಲ ಇಲ್ಲಿಂದ 35 ಕಿಲೋಮೀಟರ್‌ಗೂ ಮೇಲೆ. ಅಮ್ಮನ ವಿಷಯ ಇಲ್ಲದಿದ್ದರೆ ಹುಡುಕಾಟ ಇಲ್ಲೇ ಮುಗಿಯುತ್ತಿತ್ತು.

ಶನಿವಾರ, ಕಲ್ಯಾಣಪುರ, ಸಂತೆಕಟ್ಟೆ

ಹಿಂದಿನ ರಾತ್ರಿ ಲಾಡ್ಜಿನವರು ಸಂತೆಕಟ್ಟೆ ಕಡೆ ನೋಡಿದ್ದೀರಾ ಅಂತ ಕೇಳಿದ್ದರು. ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿಯ ಈಚೆ ದಡದಲ್ಲಿ ಕಲ್ಯಾಣಪುರ, ಅದಕ್ಕೆ ಅಂಟಿಕೊಂಡೇ ಹೆದ್ದಾರಿಯಲ್ಲಿ ಸಂತೆಕಟ್ಟೆ. ಕುಂದಾಪುರ, ಬ್ರಹ್ಮಾವರದ ಬಸ್ಸುಗಳೆಲ್ಲ ಇಲ್ಲೇ ಹಾದುಹೋಗಬೇಕು, ಉಡುಪಿಯ ಸಿಟಿ ಬಸ್ಸುಗಳೂ ಬರುತ್ತವೆ. ಪಕ್ಕದ ಅಂಬಾಗಿಲಿನಿಂದ ಪೆರಂಪಳ್ಳಿ ಮೇಲೆ ಮಣಿಪಾಲಕ್ಕೆ ಒಳರಸ್ತೆ ಇದೆ. ಆಟೊ ಹತ್ತಿ ಕಸ್ತೂರ್ಬಾ ಆಸ್ಪತ್ರೆಯ ಬಾಗಿಲಿನವರೆಗೆ ಹೋಗಿ ಬಂದೆವು. ಜೋರು ಮಳೆಯಲ್ಲೂ ಅರ್ಧ ಗಂಟೆ ಆಗಲಿಲ್ಲ.

ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿ ಗದ್ದಲ, ಧೂಳು, ಕೆಸರು ಎಲ್ಲ ಇದೆ. ಅಂಡರ್‌ಪಾಸ್ ಕೆಲಸದಿಂದ ವರ್ಷಗಟ್ಟಲೆ ಪಟ್ಟ ಪಾಡನ್ನು ಅಂಗಡಿಯವರು ಬಿಡಿಸಿ ಹೇಳಿದರು. ಆದರೆ ಹೆದ್ದಾರಿ ಬಿಟ್ಟು ಐದು ನಿಮಿಷ ಒಳಗೆ ನಡೆದರೆ ಬೇರೆಯೇ ಊರು. ದೊಡ್ಡ ಮಿಲಾಗ್ರಿಸ್ ಚರ್ಚು, ಶಾಲೆ, ಕಾಲೇಜು, ಹಳೆಯ ದೇವಸ್ಥಾನಗಳು, ನಡುವೆ ನಾಟಿ ಮುಗಿದ ಗದ್ದೆಗಳು. ಹೊಳೆಯ ಕಡೆಗೆ ಇಳಿಯುವ ದಾರಿ. ಹೊಳೆಯ ಪಕ್ಕದ ಮನೆಗಳನ್ನು ನಾವು ನೋಡಲೇ ಇಲ್ಲ, ಸ್ವರ್ಣೆ ತುಂಬಿದರೆ ತಗ್ಗಿನ ಗದ್ದೆಗಳೆಲ್ಲ ನೀರು.

ನೋಡಿದ್ದು ಎತ್ತರದಲ್ಲಿರುವ ಒಂದು ಮಹಡಿ ಮನೆ. ಕೆಳಗೆ ವಯಸ್ಸಾದ ದಂಪತಿ, ಮಕ್ಕಳು ದುಬೈಯಲ್ಲಿ. ನೆಲಮಹಡಿಯ ಇನ್ನೊಂದು ಭಾಗ ಬಾಡಿಗೆಗೆ. ಅಮ್ಮನಿಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಎರಡು ಬೆಡ್‌ರೂಮ್, ಬಾಡಿಗೆ 11,000, ಮುಂಗಡ 50,000. ಮೇಲೆ ಶೀಟ್ ಹಾಕಿದೆ. ಅಕ್ಕಪಕ್ಕದವರ ಮನೆಯಲ್ಲಿ ಫೈಬರ್ ಇಂಟರ್ನೆಟ್ ಹೇಗಿದೆ ಅಂತ ಕೇಳಿದೆ. ಚೆನ್ನಾಗಿದೆ, ಸಿಡಿಲಿನ ದಿನ ಮಾತ್ರ ಮೋಡೆಮ್ ವೈರು ಕಿತ್ತಿಡಬೇಕು, ಇಲ್ಲದಿದ್ದರೆ ಸುಟ್ಟುಹೋಗುತ್ತದೆ ಅಂದರು. ಗಾಳಿಮಳೆಗೆ ಕರೆಂಟ್ ಹೋಗುತ್ತದೆ, ನನ್ನ ಕೆಲಸಕ್ಕೆ ಇನ್‌ವರ್ಟರ್ ಬೇಕೇ ಬೇಕು.

ಮೀನು ತಿನ್ನುತ್ತೇವೆ ಅಂತ ನಾನೇ ಮೊದಲು ಹೇಳಿಬಿಟ್ಟೆ. "ಹಾಗಾದ್ರೆ ಮಲ್ಪೆಯಿಂದ ತರುವಾಗ ನಮಗೂ ತನ್ನಿ" ಅಂದರು ಮನೆಯಾಕೆ.

ಹೆಂಡತಿ ಎರಡು ಶಾಲೆಗಳಲ್ಲಿ ವಿಚಾರಿಸಿದಳು. ಸಂಬಳ ಬೆಂಗಳೂರಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ರಾತ್ರಿ ಕೂತು ಲೆಕ್ಕ ಬರೆದೆವು. ಬಾಡಿಗೆಯಲ್ಲಿ ತಿಂಗಳಿಗೆ 17,000 ಉಳಿತಾಯ. ಅವಳ ಸಂಬಳದಲ್ಲಿ ಕಮ್ಮಿಯಾಗುವುದು, ಬಸ್ಸಿನ ಖರ್ಚು, ಬೆಂಗಳೂರಿಗೆ ಹೋಗಿ ಬರುವ ಖರ್ಚು ಎಲ್ಲ ಕಳೆದರೂ ಸ್ವಲ್ಪ ಉಳಿಯುತ್ತದೆ. ದೊಡ್ಡ ಮೊತ್ತ ಅಲ್ಲ. ಆದರೆ ಅವಳು ಈಗ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುತ್ತಿದ್ದಾಳೆ. ಇಲ್ಲಿ ಶಾಲೆಗೆ ನಡೆದುಕೊಂಡೇ ಹೋಗಬಹುದು. ನನಗೆ ಆ ಮೂರು ಗಂಟೆಯೇ ಮುಖ್ಯ.

ಅಮ್ಮನಿಗೆ ಫೋನಿನಲ್ಲಿ ಮನೆ, ಅಂಗಳ, ಬಾವಿ ಎಲ್ಲ ತೋರಿಸಿದೆವು. ಕೂರುವ ಜಾಗ ಎಲ್ಲಿ ಅಂತ ಕೇಳಿದರು. ಮನೆಯಾಕೆ ಫೋನ್ ತೆಗೆದುಕೊಂಡು ತಮ್ಮ ಜಗಲಿಯನ್ನೇ ತೋರಿಸಿದರು. ಇಬ್ಬರೂ ಅರ್ಧ ಗಂಟೆ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು.

ಆಗಸ್ಟ್ ಒಂದಕ್ಕೇ ಬರುತ್ತೇವೆ ಅಂದೆ. ಮನೆಯವರು ಒಪ್ಪಲಿಲ್ಲ. ಆಟಿಯಲ್ಲಿ ಹೊಸ ಮನೆಗೆ ಬರಬಾರದು, ಆಟಿ ಮುಗಿದು ಸೋಣ ಶುರುವಾಗಲಿ, ಆಗಸ್ಟ್ ಮಧ್ಯದಲ್ಲಿ ಬನ್ನಿ, ಅಲ್ಲಿಯವರೆಗಿನ ಬಾಡಿಗೆ ಬೇಡ ಅಂದರು. ಮುಂಗಡದಲ್ಲಿ ಸದ್ಯಕ್ಕೆ 5,000 ಕೊಟ್ಟು, 11 ತಿಂಗಳ ಕರಾರಿಗೆ ಮಾತಾಡಿ ಬಂದೆವು. ಬಾವಿಯನ್ನು ಮಾತ್ರ ನಾವೇ ಕಣ್ಣಾರೆ ನೋಡಬೇಕು. ಏಪ್ರಿಲ್, ಮೇ ಕಳೆಯಲಿ, ನೀರು ಎಷ್ಟು ಕೆಳಗೆ ಹೋಗುತ್ತದೆ ಅಂತ ಹಗ್ಗ ಬಿಟ್ಟು ಅಳೆದ ಮೇಲೆಯೇ ಐದು ಸೆಂಟ್ಸಿನ ಮಾತು ಎತ್ತೋಣ ಅಂತ ಹೆಂಡತಿ ಹೇಳಿದ್ದಾಳೆ. ಬೆಂಗಳೂರಿನ ಮನೆಯವರಿಗೆ ಸೋಮವಾರ ನೋಟಿಸ್ ಕೊಡಬೇಕು.